ಮೂರನೇ ಮಂಗಳವಾರ

ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಯ ಹನ್ನೊಂದನೇ ಕೋಣೆಗೆ
ತಿಂಗಳಿಗೊಮ್ಮೆ ಬಾಗಿಲು ಬರುತ್ತದೆ.
ಉಳಿದ ದಿನ ಅಲ್ಲಿ ಮುರಿದ ಸ್ಟ್ರೆಚರು, ಪೋಲಿಯೊ ಬ್ಯಾನರು,
ಹೆರಿಗೆ ವಾರ್ಡಿನ ಹಳೇ ಬಕೆಟ್ಟು.

ಡಾಕ್ಟರು ಐದು ಊರು ಸುತ್ತಿ ಬರುವವರು.
ಹತ್ತಕ್ಕೆ ಅಂದರೆ ಹನ್ನೊಂದೂವರೆ.
ಅಷ್ಟರಲ್ಲಿ ಬೆಂಚು ತುಂಬಿ, ಮೆಟ್ಟಿಲು ತುಂಬಿ,
ಬೇವಿನ ನೆರಳೂ ಅರ್ಧ ಸರಿದಿರುತ್ತದೆ.

ಬಾಗಿಲ ಮೇಲೆ 'ಮಾನಸಿಕ' ಎಂದು ದಪ್ಪಕ್ಷರ.
ಅದರ ಕೆಳಗೆ ಕೂತವರನ್ನು ಸಕ್ಕರೆ ಕಾಯಿಲೆಯ ಸಾಲಿನವರು
ತಿರುಗಿ ತಿರುಗಿ ನೋಡುತ್ತಾರೆ.
ಖುತೇಜಾ ದುಪ್ಪಟ್ಟವನ್ನು ಮೂಗಿನವರೆಗೆ ಎಳೆದು
ನನ್ನ ಕಿವಿಯಲ್ಲಿ: "ಹಲ್ಲಿನ ಸಾಲಲ್ಲಿ ಕೂರ್ಲಾ ಅಕ್ಕ?
ಕೂಗಿದಾಗ ಎದ್ದು ಬರ್ತೀನಿ."
ಕೂತಳು.
ಹಲ್ಲುನೋವಿಗೆ ಮರ್ಯಾದೆ ಇದೆ.

ಅವಳ ಕೈ ನೋಡಿದ್ದೀರಾ?
ಬೆಳಗಿನ ಐದರಿಂದ ಕುದಿನೀರ ಬಾಣಲೆಯಲ್ಲಿ
ಗೂಡು ಅದ್ದಿ ಎಳೆ ಹುಡುಕುವ ಕೈ.
ಬೆರಳ ತುದಿ ಬಿಳಿಚಿ, ಸುಲಿದು,
ರೇಷನ್ ಅಂಗಡಿಯ ಯಂತ್ರ
ಅವಳನ್ನು ಅವಳೆಂದು ಒಪ್ಪುವುದಿಲ್ಲ.
ಇಲ್ಲಿಗೆ ಬಂದ ದಿನ ಕೂಲಿ ಇಲ್ಲ,
ಬಾಣಲೆಗೆ ಬೇರೆಯವಳು ಬಂದು ಕೂತರೆ
ನಾಳೆಯೂ ಇಲ್ಲ.

ಮಾಲೀಕರ ಸೊಸೆಗೂ ಇದೇ ಕಾಯಿಲೆ. ಗೊತ್ತು ನನಗೆ,
ಊರ ಗುಟ್ಟೆಲ್ಲ ಆಶಾಗಳ ಚೀಲದಲ್ಲಿ.
ಆಕೆ ಕಾರಿನ ಗಾಜು ಏರಿಸಿಕೊಂಡು ಕತ್ತಲಿರುವಾಗಲೇ ಹೋಗಿ
ದೂರದಲ್ಲೆಲ್ಲೋ ಒಂದು ಗಂಟೆ ಮಾತಾಡಿ ಬರುತ್ತಾರೆ.
ಬರಲಿ. ನಿದ್ದೆ ಬರಲಿ ಪಾಪ ಅವರಿಗೂ.
ಖುತೇಜಾಗೆ ಸಿಕ್ಕಿದ್ದು ನಾಲ್ಕು ನಿಮಿಷ,
ಅದರಲ್ಲಿ ಎರಡು ನನ್ನ ತರ್ಜುಮೆಗೆ.

"ದಿಲ್ ಬೈಠ್ ಜಾರಾ ಸಾಬ್" ಅಂದಳು.
ಎದೆ ಕೂತುಹೋಗುತ್ತಂತೆ ಸಾರ್, ಅಂದೆ.
ಎದೆನೋವಾ? ಅಂದರು.
ಅಲ್ಲ ಸಾರ್. ಕೂತುಹೋಗುತ್ತೆ. ಆಮೇಲೆ ಏಳಲ್ಲ.
ಇಂಗ್ಲಿಷಿನಲ್ಲಿ ಏನೋ ಬರೆದರು, ಒಂದೇ ಪದ.
ಅವಳ ಎರಡು ವರ್ಷ, ಸತ್ತು ಹುಟ್ಟಿದ ಮಗು,
ಬಾಣಲೆಯ ಆವಿಯೊಳಗಿಂದ ಕೇಳುವ ಅಳು
ಅದರಲ್ಲಿ ಹಿಡಿಸಿತೋ, ಹೊರಗೇ ಉಳಿಯಿತೋ.

ದಿಬ್ಬೂರಹಳ್ಳಿ ಕಡೆಯ ಪಿಳ್ಳಪ್ಪನದು ತೆಲುಗು.
"ಗುಂಡೆ ದಡ" ಅಂದರೆ ಬಿಪಿ ನೋಡಿ ಕಳಿಸಿದರು, ಮೂರು ಸಲ.
ನಾಲ್ಕನೇ ಸಲ ನಾನಿದ್ದೆ.
ನಾನಿಲ್ಲದ ಊರುಗಳಲ್ಲಿ?

ಡಾಕ್ಟರನ್ನು ಬೈಯಲಾರೆ. ಊಟದ ಡಬ್ಬಿ ಬಿಚ್ಚದೆ
ಸಂಜೆ ನಾಲ್ಕಕ್ಕೆ ಎಪ್ಪತ್ತೊಂದನೇ ಚೀಟಿ ಬರೆಯುತ್ತಿದ್ದರು.
ಔಷಧಿ ಕಿಟಕಿಯಲ್ಲಿ: "ಹತ್ತು ದಿನದ್ದೇ ಇರೋದು,
ಉಳಿದದ್ದು ಹೊರಗೆ ತಗೊಳ್ಳಿ."
ತಿಂಗಳಿಗೆ ಮೂವತ್ತು ರಾತ್ರಿ.
ಲೆಕ್ಕ ಬರುತ್ತಲ್ಲ ನಿಮಗೆ.

ಮೀಟಿಂಗಿನಲ್ಲಿ ಕೇಳಿದರು, ಅರಿವು ಮೂಡಿಸಿದಿರಾ?
ಮೂಡಿದೆ ಸಾರ್, ನಮ್ಮವರಿಗೆ ಅರಿವು ಕಂಠಮಟ್ಟ ಇದೆ.
ಬಾಣಲೆ ಆರಿದ ಮೇಲೆ, ಸಂಜೆ, ಬಾಗಿಲು ತೆಗೆಯಿರಿ.
ಮಾತ್ರೆ ಇಡೀ ತಿಂಗಳದ್ದು ಕೊಡಿ.
ಮೂರು ಭಾಷೆಯಲ್ಲಿ ಕೇಳಿಸಿಕೊಳ್ಳುವ ಒಬ್ಬಳನ್ನು
ಸಂಬಳ ಕೊಟ್ಟು ಕೂರಿಸಿ. ಆಮೇಲೆ ಆ ಬೋರ್ಡು...
ಅವರು ಬರೆದುಕೊಂಡರು:
ಅರಿವು ಕಾರ್ಯಕ್ರಮ, ಇನ್ನೊಂದು.

ಬೋರ್ಡು ಮಾತ್ರ ಹೋಗಿದೆ. ಅಟೆಂಡರ್ ಪೆದ್ದನ್ನ,
ಆರ್ಡರಿಲ್ಲ ಏನಿಲ್ಲ, ಏಣಿ ಹಾಕಿ ಬಿಚ್ಚಿಬಿಟ್ಟ.
ಈಗ ಹನ್ನೊಂದು ಅಂತಷ್ಟೇ ಇದೆ.

ಈ ಸಲ ಖುತೇಜಾ ಹಲ್ಲಿನ ಸಾಲಿಗೆ ಹೋಗಲಿಲ್ಲ.
ಇಲ್ಲೇ ಕೂತು, ಸರಿದು ಜಾಗ ಮಾಡಿ,
"ಕೂತ್ಕೊ ಅಕ್ಕ. ನಿಂಗೆ ನಿದ್ದೆ ಬರುತ್ತಾ?"

ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಚೀಟಿ ಕಿಟಕಿಗೆ ಹೋದೆ.
ಯಾರಿಗೆ ಆಶಾ? ಅಂದ.
ನನಗೆ.
ಪೆನ್ನು ನಿಂತಿತು. ಹೆಸರು?
ಗಂಗರತ್ನ, ಅಂದೆ; ನನ್ನ ಬಾಯಿಗೇ ಹೊಸದೆನಿಸಿತು.
ಎಪ್ಪತ್ತೆರಡು, ಅಂದ.

ಬಂದು ಕೂತೆ.
ಡಾಕ್ಟರು ಇನ್ನೂ ಬಂದಿಲ್ಲ.